ಗಲ್ಲಾದ ಮೇಲಿನ ಊದುಬತ್ತಿ

1999ರ ನನ್ನ ಡೈರಿಯಲ್ಲಿ, ಜುಲೈ 12: ‘ಇಂದಿನಿಂದ ಹೋಟೆಲಿನಲ್ಲಿ ಸಿಗರೇಟು ಬಂದ್.’ ಗಲ್ಲಾದಲ್ಲಿ ಕೂರುವ ನಮ್ಮನೆ ಯಜಮಾನರಿಗೆ ಉಬ್ಬಸ ಹೆಚ್ಚಿತ್ತು. ಪುಣೆಯ ನಮ್ಮ ಪುಟ್ಟ ಹೋಟೆಲಿನಲ್ಲಿ ಆಶ್‌ಟ್ರೇಗಳನ್ನೆಲ್ಲ ತೆಗೆಸಿದ್ದೆ. ಯಾರು ಜೇಬಿಗೆ ಕೈ ಹಾಕಿದರೂ ತಡೆಯಲು ಎದ್ದು ಓಡುತ್ತಿದ್ದೆ.

ಮಧ್ಯಾಹ್ನ ವಿಜಾಪುರ ಕಡೆಯ ವ್ಯಾಪಾರಿಯೊಬ್ಬರು, ಗಲ್ಲಾದ ಮೇಲೆ ದೇವರ ಪಟದ ಮುಂದಿದ್ದ ಊದುಬತ್ತಿಯಿಂದಲೇ ಸಿಗರೇಟು ಹೊತ್ತಿಸಲು ಬಗ್ಗಿದರು. ತಡೆದೆ.

‘ಅಲ್ರೀ ಅಕ್ಕಾರ, ನಮ್ಮ ಹೊಗಿ ಬ್ಯಾಡ, ಇದರದು ನಡೀತದೇನ್ರಿ? ಸಾಹುಕಾರ್ರ ಮೂಗಿನ ಕೆಳಗs ಅದ ನೋಡ್ರಿ!’

ಯಜಮಾನರು ಕೆಮ್ಮುತ್ತಲೇ ನಕ್ಕರು. ಬಿ.ಎಸ್ಸಿ. ಓದಿದ ನನಗೆ ಅದು ಹೊಳೆದೇ ಇರಲಿಲ್ಲ. ಅಲ್ಲೇ ಕೂತಿದ್ದ ಅತ್ತೆಯವರೆದುರಿಗೇ, ಅವರು ದಿನಾ ಹಚ್ಚುತ್ತಿದ್ದ ಆ ಊದುಬತ್ತಿಯನ್ನು ಆರಿಸಿದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಉಬ್ಬಸ ಇಳಿಯಿತು. ಅದಕ್ಕೆ ತಗುಲಿದ ಖರ್ಚು ಇಷ್ಟು: ನಾಲ್ವರು ಖಾಯಂ ಗಿರಾಕಿಗಳು, ಮತ್ತು ಅತ್ತೆಯವರು ನನ್ನೊಡನೆ ಮಾತಾಡದ ಹದಿನೇಳು ದಿನ.