ಮೂವರನ್ನು ಗೋಡೆಗೆ ನಿಲ್ಲಿಸುವ ಮೇಷ್ಟ್ರು

ನನ್ನ ಬಣ್ಣದ ಅಂಗಡಿಯ ಮೇಲಿನ ಕೋಣೆಯಲ್ಲಿ ಇಂಗ್ಲಿಷ್ ಟ್ಯೂಷನ್ ನಡೆಸುತ್ತಿದ್ದವರನ್ನು ಇಡೀ ಬೀದಿ ‘ಎಸ್ಟ್ ಮೇಷ್ಟ್ರು’ ಎಂದೇ ಕರೆಯುತ್ತಿತ್ತು. ಟಾಲ್, ಟಾಲರ್, ಟಾಲೆಸ್ಟ್ ಕಲಿಸಲು ಅವರಿಗೆ ಪುಸ್ತಕ ಬೇಕಿರಲಿಲ್ಲ. ಮೂರು ಮಕ್ಕಳು ಸಾಕು. ಗೋಡೆಗೆ ನಿಲ್ಲಿಸಿದರೆ ಮಿಕ್ಕವರು ಕೂಗಬೇಕು. ಗಿಡ್ಡ ಪದಕ್ಕೆ ಹಿಂದೆ ‘ಅರ್’, ‘ಎಸ್ಟ್’ ಬಾಲ, ಉದ್ದ ಪದಕ್ಕೆ ಮುಂದೆ ‘ಮೋರ್’, ‘ಮೋಸ್ಟ್’. ‘ಗುಡ್’ ಮಾತ್ರ ‘ಬೆಟರ್’ ಆಗುವಾಗ ಹೊಸ ಶ್ರೀಮಂತನಂತೆ ಗುರುತೇ ಸಿಗುವುದಿಲ್ಲ ಎನ್ನುತ್ತಿದ್ದರು. ಆ ಕೂಗಿಗೆ ಕೆಳಗೆ ನನ್ನ ಡಬ್ಬಿಗಳು ನಡುಗುತ್ತಿದ್ದವು. ಆದರೆ ಅಲ್ಲಿ ಕಲಿತವರು ಮರೆತದ್ದಿಲ್ಲ. ಸರಕು ಗಟ್ಟಿಯಿತ್ತು, ಒಪ್ಪಬೇಕು.

ಎತ್ತರ ಮುಗಿದರೆ ಬುದ್ಧಿಯ ಸರದಿ. ಕಂಡವರ ಮಕ್ಕಳನ್ನು ಮಂದ ಎಂದರೆ ಅವರ ತಾಯಂದಿರು ಸೆರಗು ಬಿಗಿದು ಮೆಟ್ಟಿಲು ಹತ್ತುತ್ತಾರೆ. ಹಾಗಾಗಿ ಆ ಪಾಠಕ್ಕೆ ಮನೆಯವರೇ. ಅಣ್ಣನ ಮಗ ‘ಸ್ಲೋ’, ಹಿರಿಯ ಮಗಳು ‘ಸ್ಲೋವರ್’. ‘ಸ್ಲೋವೆಸ್ಟ್’ ಯಾವಾಗಲೂ ಕಿರಿಯವಳು, ಕಿಟಕಿಯ ಪಕ್ಕ. ಬ್ಯಾಚು ಬದಲಾದರೂ ಅವಳ ಜಾಗ ಬದಲಾಗಲಿಲ್ಲ.

ಹಿತ್ತಲ ಗಿಡ ಮದ್ದಲ್ಲ. ಅದೇ ಕಿರಿಯವಳು ಇಂಗ್ಲಿಷ್‌ನಲ್ಲಿ ಎಂ.ಎ. ಮಾಡಿ, ಪಕ್ಕದ ಬೀದಿಯ ಶಾಲೆಯಲ್ಲಿ ಟೀಚರ್ ಆದಳು. ಅಷ್ಟರಲ್ಲಿ ಮೇಷ್ಟ್ರಿಗೆ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಯಿತು. ಮಕ್ಕಳು ಒಬ್ಬೊಬ್ಬರಾಗಿ ಜಾರತೊಡಗಿದರು. ಮೇಷ್ಟ್ರ ಜೀವವೆಲ್ಲ ಆ ಕ್ಲಾಸಿನಲ್ಲಿತ್ತು. ಅದನ್ನು ಉಳಿಸಬಲ್ಲವಳು ಈ ಮಗಳೊಬ್ಬಳೇ. ಬಾಯಿಬಿಟ್ಟು ಕೇಳಲು ಬಾಯಿಲ್ಲ, ಬಾಯಿದ್ದರೂ ಕೇಳುತ್ತಿರಲಿಲ್ಲ. ದಲ್ಲಾಳಿಯಾಗಿ ಅವಳ ಮನೆಗೆ ನಾನು ಹೋದೆ.

“ಏನಣ್ಣ, ನಮ್ಮನೆಗೂ ಸುಣ್ಣ ಬಳಿಯೋಕೆ ಬಂದ್ರಾ?” ಎಂದಳು.

“ಕ್ಲಾಸು ನೀನು ನೋಡ್ಕೋಬೇಕಂತಮ್ಮ.”

ಚಪ್ಪಲಿ ಮೆಟ್ಟಿ ನನ್ನ ಹಿಂದೆಯೇ ಬಂದಳು. ಕೋಣೆಗೆ ಕಾಲಿಟ್ಟವಳೇ ಅಪ್ಪನಿಗೆ ಹೇಳಿದಳು: “ನಾಳೆಯಿಂದ್ಲೇ ಬರ್ತೀನಿ ಅಪ್ಪ. ಆದ್ರೆ ಯಾರನ್ನೂ ಗೋಡೆಗೆ ನಿಲ್ಸಲ್ಲ. ಮೂರು ಪೆನ್ಸಿಲ್ ಇಟ್ಟು ಕಲಿಸ್ತೀನಿ. ಪೆನ್ಸಿಲ್‌ಗೆ ಅಳು ಬರಲ್ಲ.”

ವ್ಯಾಪಾರ ಕುದುರಿತು ಎಂದುಕೊಂಡೆ. ಮೇಷ್ಟ್ರು ಸ್ಲೇಟು ಎತ್ತಿಕೊಂಡು ಬರೆದರು: ‘ಗೋಡೆಗೆ ನಿಲ್ಲಿಸಿದ್ದಕ್ಕೇ ನೀನು ಇಷ್ಟು ಓದಿದ್ದು.’

“ಹೌದು, ಆ ಕಿಟಕಿ ಹತ್ರ ಇನ್ನೊಂದ್ಸಲ ನಿಲ್ಲಬಾರದು ಅಂತಾನೇ ಓದಿದ್ದು,” ಎಂದಳು.

‘ಮತ್ತೆ? ನಾನು ಹೇಳಿದ್ದೂ ಅದೇ’ ಎನ್ನುವಂತೆ ಮೇಷ್ಟ್ರು ತಲೆಯಾಡಿಸಿದರು.

“ಮೇಷ್ಟ್ರೇ, ಒಂದು ಮಾತು ಸೋಲಿ. ಮಗಳ ಮುಂದೆ ತಾನೆ?” ಎಂದೆ. ಅವರು ಸ್ಲೇಟು ಒರೆಸಿ ದಪ್ಪಕ್ಷರದಲ್ಲಿ ‘ಪದ್ಧತಿ ಬದಲಾಗದು’ ಎಂದು ಬರೆದರು. ಹಗ್ಗ ಸುಟ್ಟರೂ ಹುರಿ ಸುಡಲಿಲ್ಲ. ಮಗಳು ಮೆಟ್ಟಿಲಿಳಿದು ಹೋದಳು.

ಕ್ಲಾಸು ಮುಚ್ಚಿತು. ಈಗ ಆ ಕೋಣೆಯಲ್ಲಿ ನನ್ನ ವಾರ್ನಿಷ್ ಡಬ್ಬಿಗಳಿವೆ. ಮಗಳು ತನ್ನ ಮನೆಯ ಜಗಲಿಯಲ್ಲೇ ಪಾಠ ಶುರು ಮಾಡಿದ್ದಾಳೆ. ಸಂಜೆ ಅಲ್ಲಿ ಚಪ್ಪಲಿಗಳ ರಾಶಿ ದಾಟುವುದೇ ಕಷ್ಟ.

ಮೊನ್ನೆ ಮೇಷ್ಟ್ರು ಅಂಗಡಿಗೆ ಬಂದು, ಅವಳ ಹತ್ತಿರ ಎಷ್ಟು ಮಕ್ಕಳು ಹೋಗುತ್ತಾರೆಂದು ಸ್ಲೇಟಿನಲ್ಲಿ ಕೇಳಿದರು. ಪಾಪ, ನೋಯಿಸುವುದೇಕೆ ಎಂದು, “ಎಲ್ಲಿ ಮೇಷ್ಟ್ರೇ, ಮೂರೋ ನಾಲ್ಕೋ,” ಎಂದೆ.

ಮಗಳು ಸೋತಳೆಂಬ ಸುದ್ದಿಗೆ ಅಪ್ಪನ ಮುಖ ಅರಳಿತು. ಅಷ್ಟು ಹುರುಪಿನಿಂದ ಅವರು ಮನೆಗೆ ಹೋದದ್ದನ್ನು ಆಪರೇಷನ್ ಆದ ಮೇಲೆ ನಾನು ನೋಡಿರಲಿಲ್ಲ.