ತಂಗಿಯ ಒಪ್ಪೊತ್ತು

ನನ್ನ ತಂಗಿ ಊಟ ಬಿಡುತ್ತಿದ್ದ ಕಾಲದಲ್ಲಿ ನಾವೆಲ್ಲ ಅವಳನ್ನು ಹೊಗಳುತ್ತಿದ್ದೆವು. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮ ಮನೆ ಇರುವುದು ಪುತ್ತೂರಿನ ಹತ್ತಿರದ ಕಬಕದಲ್ಲಿ. ಬೆಳಿಗ್ಗೆ ಮೀನಿನ ಸ್ಕೂಟರಿನ ಹಾರ್ನ್ ಕೇಳಿದರೆ ಸಾಕು, ಅಮ್ಮ ಒಲೆಯ ಮೇಲಿದ್ದುದನ್ನು ಬಿಟ್ಟು ಪಾತ್ರೆ ಹಿಡಿದು ಓಡುವವಳು. ಸೋಮವಾರ ಮಾತ್ರ ಮೀನಿಲ್ಲ. ಅವತ್ತು ಅವಳಿಗೆ ಒಪ್ಪೊತ್ತು, ದಿನಕ್ಕೆ ಒಂದೇ ಊಟ. ಮಧ್ಯಾಹ್ನ ಎರಡು ಹೊತ್ತಿನದನ್ನು ಒಟ್ಟಿಗೇ ಉಂಡು, ರಾತ್ರಿಗೆ ಅವಲಕ್ಕಿ, ನಾಲ್ಕು ಬಾಳೆಹಣ್ಣು, ದೊಡ್ಡ ಲೋಟದಲ್ಲಿ ಹಾಲು. ಈ ಏರ್ಪಾಟಿನ ಬಗ್ಗೆ ದೇವರಿಗೂ ತಕರಾರಿದ್ದ ಹಾಗೆ ಕಾಣಲಿಲ್ಲ.

ಪುತ್ತೂರಿನಲ್ಲಿ ಡಿಗ್ರಿ ಎರಡನೇ ವರ್ಷಕ್ಕೆ ಬಂದಾಗ ತಂಗಿಯೂ ಸೋಮವಾರದ ಒಪ್ಪೊತ್ತು ಹಿಡಿದಳು. ಆಮೇಲೆ ಗಣಪತಿಗೆಂದು ಮಂಗಳವಾರ ಸೇರಿತು, ನಂತರ ಶನಿವಾರ, ಸಂಕಷ್ಟಿ, ಏಕಾದಶಿ. ಹರಕೆ ಉಂಟು ಎಂದು ಮೀನನ್ನೂ ಬಿಟ್ಟಳು. ಒಂದು ಸಲ ಬೆಟ್ಟಂಪಾಡಿಯಿಂದ ದೊಡ್ಡಮ್ಮ ಬಂದಿದ್ದರು. ತಂಗಿ ಒಂದು ಹಿಡಿ ಅನ್ನ ಕಲಸಿ ಏಳುವುದನ್ನು ನೋಡಿ, "ಈ ಕಾಲದಲ್ಲಿ ಇಷ್ಟು ಭಕ್ತಿ ಇರುವ ಹುಡುಗಿಯರು ಎಲ್ಲಿದ್ದಾರೆ ಮಾರಾಯ್ತಿ? ನನ್ನ ಸೊಸೆಯಂದಿರನ್ನು ನೋಡಬೇಕು ನೀನು" ಎಂದರು. ಅಮ್ಮ ಉಬ್ಬಿಹೋದಳು.

ನಾನು ಸುಳ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅಲ್ಲೇ ರೂಮು ಮಾಡಿಕೊಂಡಿದ್ದೇನೆ, ಶನಿವಾರ ಮನೆಗೆ ಬರುತ್ತೇನೆ. ಯಾವ ವಿಟಮಿನ್ ಕಡಿಮೆಯಾದರೆ ಯಾವ ರೋಗ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿ, ಬಸ್ಸು ಹತ್ತಿ ಬಂದು, ತುಟಿಯ ಕೊನೆ ಒಡೆದುಕೊಂಡು ಕೂತ ತಂಗಿಯನ್ನು ಸನ್ಯಾಸಿನಿ ಎಂದು ಕೀಟಲೆ ಮಾಡುತ್ತಿದ್ದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅವಳು ಸ್ವೆಟರ್ ಹಾಕಿಕೊಂಡಿದ್ದಳು. ಬಚ್ಚಲಿನಲ್ಲಿ ಅವಳ ಕೂದಲು ಉಂಡೆ ಉಂಡೆಯಾಗಿ ಸಿಗುತ್ತಿತ್ತು. ನಾನು ನೀರು ಸರಿ ಇಲ್ಲ ಎಂದು ಶಾಂಪೂ ಬದಲಿಸಿದೆ. ಪಾಠ ಮಾಡುವವಳ ಬುದ್ಧಿ ಅಷ್ಟೇ ಇದ್ದದ್ದು.

ಕಾಲೇಜಿನ ಮೆಟ್ಟಿಲಲ್ಲಿ ಅವಳು ತಲೆ ತಿರುಗಿ ಬಿದ್ದ ಮೇಲೆ ಪುತ್ತೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ರಕ್ತ ಕಡಿಮೆ, ಬಿ ಹನ್ನೆರಡು ಕಡಿಮೆ, ಡಿ ಕಡಿಮೆ. ಮುಟ್ಟು ನಿಂತು ಕೆಲವು ತಿಂಗಳಾಗಿತ್ತು, ಅದು ನಮಗೆ ಗೊತ್ತೇ ಇರಲಿಲ್ಲ. "ಇವಳು ಕೊನೆಗೆ ಹೊಟ್ಟೆ ತುಂಬ ಉಂಡದ್ದು ಯಾವಾಗ?" ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. "ಮಾತ್ರೆ ನಾನು ಕೊಡಬಹುದು. ಅವಳು ಉಣ್ಣದೆ ಇದ್ದರೆ ಉಳಿಯುವುದು ಕಷ್ಟ" ಎಂದು ಹೊರಗೆ ಕರೆದು ಹೇಳಿದರು.

ಅಮ್ಮನಿಗೆ ಹೊಳೆದ ದಾರಿ ಒಂದೇ. ಹಿಡಿದ ಹರಕೆಯನ್ನು ಹಾಗೇ ಬಿಡಬಾರದು, ದೇವರ ಮುಂದೆ ತಪ್ಪುಕಾಣಿಕೆ ಇಟ್ಟು ಅಪ್ಪಣೆ ಕೇಳಬೇಕು. ಮಾರನೆಯ ದಿನವೇ ದೇವಸ್ಥಾನಕ್ಕೆ ಹೋಗಿ, ತೆಂಗಿನಕಾಯಿ ಇಟ್ಟು, ಭಟ್ಟರ ಹತ್ತಿರ ಪ್ರಾರ್ಥನೆ ಮಾಡಿಸಿಕೊಂಡು ಬಂದಳು. ತಂಗಿಯ ಹಣೆಗೆ ಗಂಧ ಹಚ್ಚಿ, ಕುಚ್ಚಲಕ್ಕಿ ಅನ್ನ ಬಡಿಸಿದಳು.

"ದೇವರಿಗೆ ಹೇಳಿ ಆಯ್ತು ಮಗಾ. ಇನ್ನು ಎಂತ ದೋಷವೂ ಇಲ್ಲ. ಉಣ್ಣು."

ತಂಗಿ ತಟ್ಟೆಯನ್ನೇ ನೋಡುತ್ತ ಕೂತಳು. "ಹರಕೆ ಅಂತ ಇರಲೇ ಇಲ್ಲ ಅಮ್ಮ. ಒಪ್ಪೊತ್ತು ಅಂದ್ರೆ ಯಾರೂ ಬೈಯುದಿಲ್ಲ, ಅದಕ್ಕೆ ಹೇಳಿದ್ದು. ನಂಗೆ ಉಣ್ಲಿಕ್ಕೆ ಹೆದರಿಕೆ ಆಗ್ತದೆ."

"ಅನ್ನಕ್ಕೆ ಎಂತ ಹೆದರಿಕೆ?" ಎಂದು ಅಮ್ಮ ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿ ಅರ್ಥವಾಗದೆ. ತಟ್ಟೆ ಹಾಗೇ ಒಳಗೆ ಹೋಯಿತು.

ಆಮೇಲೆ ಮಂಗಳೂರಿನ ಮನೋವೈದ್ಯರು, ಮಾತ್ರೆ, ಇಂಜೆಕ್ಷನ್, ತಿಂಗಳಿಗೆ ಎರಡು ಸಲ ಬಸ್ಸು. ಉಣ್ಣುವಾಗ ಅವಳನ್ನು ದಿಟ್ಟಿಸಬೇಡಿ, ಬೈಯಬೇಡಿ, ಹೊಗಳಲೂ ಬೇಡಿ, ಸುಮ್ಮನೆ ಜೊತೆಗೆ ಕೂತು ಉಣ್ಣಿ ಎಂದರು. ರಾತ್ರಿ ಮಗಳ ಜೊತೆ ಕೂರಬೇಕೆಂದು ಅಮ್ಮ ಮದುವೆಯಾದಾಗಿನಿಂದ ಮಾಡಿಕೊಂಡು ಬಂದ ಸೋಮವಾರದ ಒಪ್ಪೊತ್ತನ್ನೇ ಬಿಟ್ಟಳು. ಅದಕ್ಕೆ ತಪ್ಪುಕಾಣಿಕೆ ಇಟ್ಟಳೋ ಇಲ್ಲವೋ, ನಾನು ಕೇಳಿಲ್ಲ.

ಮೊದಲೆಲ್ಲ ನಾನು ಶನಿವಾರ ಬರುತ್ತೇನೆಂದು ತಂಗಿ ಬಂಗುಡೆ ಮೀನಿನ ಮೊಟ್ಟೆಯನ್ನು ನನ್ನ ಪಾಲಿಗೆ ಎತ್ತಿಡುತ್ತಿದ್ದಳು. ನಾನು ತಲುಪುವಷ್ಟರಲ್ಲಿ ಅರ್ಧ ಅವಳೇ ತಿಂದಿರುತ್ತಿದ್ದಳು. ಕೇಳಿದರೆ, "ಬೆಕ್ಕು ತಿಂದದ್ದು" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಸುಳ್ಯದ ರೂಮಿನಲ್ಲಿ ಒಬ್ಬಳೇ ಉಣ್ಣುವಾಗ ನನಗೆ ಆ ಕಳ್ಳಿ ಬೇಕೆನಿಸುತ್ತದೆ. ತುಂಬಾ ಬೇಕೆನಿಸುತ್ತದೆ. ಮನೆಯಲ್ಲಿ ಅವಳು ಎದುರಿಗೇ ಕೂತಿರುವಾಗಲೂ ಬೇಕೆನಿಸುತ್ತದೆ. ಎರಡು ವರ್ಷ ಅವಳು ಮಾತ್ರೆ ನುಂಗಿದ ಹಾಗೆಯೇ ಅನ್ನ ನುಂಗಿದಳು, ಗಡಿಯಾರ ನೋಡಿ.

ಕಳೆದ ತಿಂಗಳು, ಒಂದು ಬುಧವಾರ, ಶಾಲೆಯ ಮಧ್ಯಾಹ್ನದ ಬಿಡುವು ಮುಗಿಯುವ ಹೊತ್ತಿಗೆ ಅವಳ ಫೋನ್ ಬಂತು.

"ಅಕ್ಕ, ಅಮ್ಮ ಪೇಟೆಗೆ ಹೋಗಿದ್ದಾಳೆ. ನಂಗೆ ಹಸಿವಾಗ್ತಾ ಉಂಟು." ಮತ್ತೆ ಅವಳೇ ಕೇಳಿದಳು, "ಎಂತ ಮಾಡುದು?"

ಕಬಕಕ್ಕೆ ಹಾರಿಹೋಗಿ ಅವಳಿಗೆ ಬಡಿಸಬೇಕು ಎನಿಸಿತು. ಹೊಗಳಬಾರದು ಎಂದು ಡಾಕ್ಟರು ಹೇಳಿದ್ದು ನೆನಪಾಗಿ, "ಅನ್ನ ಇರಬಹುದು ನೋಡು, ಬಡಿಸಿಕೊ" ಎಂದೆ.

"ನೀನು ಫೋನ್ ಇಡಬೇಡ."

ಗಂಟೆ ಹೊಡೆಯಿತು. ಉಳಿದ ಟೀಚರುಗಳು ಎದ್ದು ಹೋದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತೇ ಇದ್ದೆ.

"ಸಾರಿಗೆ ಉಪ್ಪು ಕಡಿಮೆ ಆಗಿದೆ ಅಕ್ಕ" ಎಂದಳು.

"ಹಾಕಿಕೊ" ಎಂದೆ.