ಹೆಪ್ಪಿನವರ ಎಂಬ ಅಡ್ಡಹೆಸರು

ಮೊಸರಿನ ಗಡಿಗೆಯನ್ನು ತೊಳೆದು, ಆರುತ್ತಿರುವ ಒಲೆಯ ಕೆಂಡದ ಮೇಲೆ ಬೋರಲು ಹಾಕಿದಾಗ ಒಂದು ವಾಸನೆ ಏಳುತ್ತದೆ. ಹುಳಿ, ಹೊಗೆ, ಸುಟ್ಟ ಮಣ್ಣು, ಅದರೊಳಗೆಲ್ಲೋ ಹಳೆಯ ಹಾಲಿನ ಜಿಡ್ಡು. ಪಾಕೀಟಿನ ಮೊಸರು ಉಂಡು ಬೆಳೆದವರಿಗೆ ಅದನ್ನು ವಿವರಿಸುವುದು ಕಷ್ಟ. ಎರಡು ವರ್ಷದ ಹಿಂದೆ ಕಾಗವಾಡದಲ್ಲಿ ಬಸ್ಸು ತಪ್ಪಿಸಿಕೊಂಡು ಒಂದು ಖಾನಾವಳಿಯ ಹಿಂದಿನ ಕಟ್ಟೆಯ ಮೇಲೆ ಕುಳಿತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ನನಗೆ ಅರವತ್ತು ದಾಟಿದೆ, ಮೊಣಕಾಲು ಮಾತು ಕೇಳುವುದಿಲ್ಲ. ಆದರೂ ಎದ್ದು ಹೋಗಿ ಅಡುಗೆಯಾಕೆಯ ಒಲೆಯ ಮುಂದೆ ನಿಂತೆ. "ಏನ್ ಬೇಕಾಗಿತ್ರಿ ಬಾಯಾರ?" ಎಂದಳು. ವಾಸನೆ ತೆಗೆದುಕೊಳ್ಳಲು ಬಂದೆ ಎನ್ನಲು ನಾಚಿಕೆಯಾಗಿ ಒಂದು ಲೋಟ ನೀರು ಕೇಳಿದೆ. ನೀರು ಕುಡಿಯುವಷ್ಟರಲ್ಲಿ ನಾನು ಬೇಡಕಿಹಾಳದ ನಮ್ಮ ಮನೆಯ ಹಿಂದಿನ ಪಡಸಾಲೆಗೆ ಹೋಗಿ ಬಂದಿದ್ದೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವ ತಗಡಿನ ಶೆಡ್ ಇದೆ.

ನಮ್ಮ ಅಡ್ಡಹೆಸರು ಹೆಪ್ಪಿನವರ. ಹಾಲಿಗೆ ಹಾಕುವ ಹೆಪ್ಪು, ಅದೇ. ಪಾಟೀಲರು, ಮಗದುಮ್ಮರು, ಚೌಗುಲೆಯವರು ಓಣಿಗೊಬ್ಬರಂತೆ ಸಿಗುವ ಈ ಸೀಮೆಯಲ್ಲಿ ನಮ್ಮ ಹೆಸರಿನವರು ನಾವೇ. ಚಿಕ್ಕೋಡಿಯಲ್ಲಿ ನಾನು ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದೆ. ಪ್ರತಿ ಜೂನ್ ತಿಂಗಳು ಹೊಸ ಹಾಜರಿ ಪುಸ್ತಕ ಕೈಗೆ ಬಂದಾಗ ಮೊದಲು ಮಕ್ಕಳ ಅಡ್ಡಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದೆ. ಮೆಣಸಿನಕಾಯಿ ಸಿಕ್ಕರು, ಉಳ್ಳಾಗಡ್ಡಿ ಸಿಕ್ಕರು, ಹೆಪ್ಪಿನವರ ಮಾತ್ರ ಒಂದು ವರ್ಷವೂ ಸಿಗಲಿಲ್ಲ. ಮದುವೆಯ ಪತ್ರಿಕೆ, ಮತದಾರರ ಯಾದಿ, ಬಸ್ ನಿಲ್ದಾಣದ ಶ್ರದ್ಧಾಂಜಲಿಯ ಫಲಕ, ಎಲ್ಲೆಲ್ಲಿ ಹೆಸರುಗಳಿರುತ್ತವೋ ಅಲ್ಲೆಲ್ಲ ಹುಡುಕಿದ್ದೇನೆ. ನಾನು ಮದುವೆಯಾಗಿ ಆ ಹೆಸರು ಬಿಟ್ಟು ನಾಲ್ಕು ದಶಕವಾಯಿತು, ಆದರೆ ಹುಡುಕುವ ಚಟ ಬಿಡಲಿಲ್ಲ. ಚಿಕ್ಕವಳಿದ್ದಾಗ ನಿಪ್ಪಾಣಿಯ ಹೈಸ್ಕೂಲಿನಲ್ಲಿ ಮರಾಠಿ ಗೆಳತಿಯರು "ನಿಮ್ಮೋರು ಮಸರು ಮಾರತಾರೇನ?" ಎಂದು ಕೇಳಿ ನಗುತ್ತಿದ್ದರು. ಇಲ್ಲ, ನಮ್ಮವರು ಮಾರುತ್ತಿರಲಿಲ್ಲ, ಕೊಡುತ್ತಿದ್ದರು. ಯಾಕೆ ಕೊಡುತ್ತಿದ್ದರು ಎನ್ನುವುದೇ ನನಗೆ ಗೊತ್ತಿರಲಿಲ್ಲ.

ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಮನೆಯಿಂದ ಹೊರಗೆ ಹೋಗಬಾರದು, ಹೋದರೆ ಅದರ ಬೆನ್ನಿಗೆ ಲಕ್ಷ್ಮಿಯೂ ಹೋಗುತ್ತಾಳೆ ಎಂದು ಊರಿಗೆ ಊರೇ ನಂಬಿತ್ತು. ಈಗಲೂ ನಂಬುವವರು ಇದ್ದಾರೆ. ಊರಿನಲ್ಲಿ ಅದಕ್ಕೆ ಹೊರತಾದ ಮನೆ ನಮ್ಮದೊಂದೇ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸಂಜೆ ಎಮ್ಮೆ ಹಿಂಡಿ, ಹಾಲು ಕಾಯಿಸಿ, ದೇವರ ಮುಂದೆ ದೀಪ ಹಚ್ಚಿ, ಆಮೇಲೆ ತಲಬಾಗಿಲನ್ನು ಪೂರ್ತಿ ತೆರೆದಿಡುತ್ತಿದ್ದಳು. ಹೆಪ್ಪು ಕೆಟ್ಟವರು, ಮರೆತವರು, ಬೆಕ್ಕು ಗಡಿಗೆ ಉರುಳಿಸಿದವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಆಯಿ ಕೊಡುವ ರೀತಿಯೂ ವಿಚಿತ್ರವಾಗಿತ್ತು. ಬಂದವರನ್ನು ಹೊಸ್ತಿಲಾಚೆ ನಿಲ್ಲಿಸದೆ ಒಳಗೆ ಕರೆದು ಮಣೆಯ ಮೇಲೆ ಕೂಡ್ರಿಸಿ, ತಾನು ನೆಲದ ಮೇಲೆ ಕುಳಿತು ಅವರ ಬಟ್ಟಲಿಗೆ ಹಾಕುತ್ತಿದ್ದಳು. ಸ್ವಂತ ಸೊಸೆಯನ್ನು ಗದರುವ ಆಯಿ, ಊರಿಗೆಲ್ಲ ಜೋರಾದ ಆಯಿ, ಒಂದು ಚಮಚ ಮೊಸರು ಕೊಡುವಾಗ ಮಾತ್ರ ತಲೆ ತಗ್ಗಿಸಿರುತ್ತಿದ್ದಳು. ಅಷ್ಟಾದ ಮೇಲೂ ಗೂಡಿನಲ್ಲಿ ಒಂದು ಸಣ್ಣ ಹಿತ್ತಾಳೆಯ ಬಟ್ಟಲು ಮುಚ್ಚಿಟ್ಟಿರುತ್ತಿದ್ದಳು. ಅದಕ್ಕೆ ಅಕ್ಕನ ಬಟ್ಟಲು ಎಂದು ಹೆಸರು. ಯಾವ ಅಕ್ಕ ಎಂದರೆ "ಬಂದ್ರ ಗೊತ್ತಾಗ್ತೈತಿ, ಉಣ್ಣು ಸುಮ್ನ" ಎನ್ನುತ್ತಿದ್ದಳು. ನಾವು ಒಣ ರೊಟ್ಟಿ ತಿಂದರೂ ಆ ಬಟ್ಟಲು ಮುಟ್ಟುವಂತಿರಲಿಲ್ಲ.

ಮುಟ್ಟಬಾರದು ಎಂದದ್ದನ್ನು ಮುಟ್ಟದೆ ಬಿಡುವ ಹುಡುಗಿ ನಾನಲ್ಲ. ಎಂಟೊಂಬತ್ತು ವರ್ಷದವಳಿದ್ದಾಗ ಒಂದು ಸಂಜೆ ಗೂಡಿಗೆ ಕೈಹಾಕಿ ಆ ಬಟ್ಟಲನ್ನು ಖಾಲಿ ಮಾಡಿದೆ. ಅದರ ರುಚಿ ನಮ್ಮ ದಿನದ ಮೊಸರಿನ ರುಚಿಯೇ, ಬೇರೇನಿರಲಿಲ್ಲ. ಅವತ್ತು ಹೆಪ್ಪು ಕೇಳುವವರು ಹೆಚ್ಚು ಬಂದಿದ್ದರು. ಕೊನೆಗೊಬ್ಬಳು ಬಾಣಂತಿ ಮಗಳ ಸಲುವಾಗಿ ಬಂದಳು. ಆಯಿ ಗೂಡಿಗೆ ಹೋಗಿ ನೋಡಿದರೆ ಬಟ್ಟಲು ಖಾಲಿ. ನನ್ನ ಮೂತಿ ನೋಡಿದಳು. ನಮ್ಮ ಮನೆಯ ಹಾಲಿಗೆಂದು ತೆಗೆದಿಟ್ಟಿದ್ದ ಕಡೆಯ ಚಮಚವನ್ನು ಆಕೆಗೆ ಕೊಟ್ಟು ಕಳಿಸಿದಳು. ಈಗ ನಮಗೇ ಹೆಪ್ಪಿಲ್ಲ. ಪಕ್ಕದ ಮನೆಗೆ ಹೋಗಿ ಕೇಳೋಣವೆಂದರೆ, ಹೆಪ್ಪಿನವರ ಮನೆಯವರು ಯಾರ ಬಾಗಿಲಿಗೂ ಹೆಪ್ಪು ಕೇಳಲು ಹೋಗಬಾರದೆಂಬ ಇನ್ನೊಂದು ಕಟ್ಟಳೆ. ಆಯಿ ಉಗುರು ಬೆಚ್ಚಗಿನ ಹಾಲಿಗೆ ನಾಲ್ಕು ಒಣಮೆಣಸಿನಕಾಯಿಯ ತೊಟ್ಟು ಮುರಿದು ಹಾಕಿ, ಗಡಿಗೆಗೆ ಹಳೆಯ ಸೀರೆ ಸುತ್ತಿ ಒಲೆಯ ಪಕ್ಕ ಇಟ್ಟಳು. ಮರುದಿನ ಮಧ್ಯಾಹ್ನ ಹಾಲು ಹೆಪ್ಪುಗಟ್ಟಿತ್ತು, ತೆಳ್ಳಗೆ, ಒಂಚೂರು ಕಹಿ. ಅದನ್ನು ನೋಡುತ್ತ ಆಯಿ "ಆಕೀನೂ ಹಿಂಗ ಮಾಡಿದ್ಳಂತ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರು ಎಂದು ಕೇಳುವ ಧೈರ್ಯ ನನಗೆ ಆ ಒಂದು ದಿನ ಇರಲಿಲ್ಲ. ಮುಂದೆ ಕೇಳಿದಾಗಲೆಲ್ಲ ಆಯಿ ಮಾತು ತಿರುಗಿಸಿದಳು, ಕೊನೆಗೆ ಹೇಳದೆಯೇ ಹೋಗಿಬಿಟ್ಟಳು.

ಅಪ್ಪ ಹೋದ, ಅಣ್ಣನೂ ಹೋದ. ಉಳಿದ ಹೆಪ್ಪಿನವರೆಂದರೆ ಇಬ್ಬರೇ. ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸ ಮುಗಿಸಿ ಅಲ್ಲೇ ನೆಲೆಸಿದ್ದ ನಮ್ಮ ಕಾಕಾ ಒಬ್ಬ. ಅವನಿಗಿದ್ದ ಇಬ್ಬರು ಹೆಣ್ಣುಮಕ್ಕಳು ಗಂಡನ ಮನೆಯ ಹೆಸರಿಗೆ ಹೋಗಿದ್ದರು. ಇನ್ನೊಬ್ಬಳು ಅಣ್ಣನ ಮಗಳು ಅಶ್ವಿನಿ. ಅವಳು ಫಿಜಿಯೋಥೆರಪಿ ಕಲಿತು ನಿಪ್ಪಾಣಿಯಲ್ಲಿ ಸ್ವಂತ ಕ್ಲಿನಿಕ್ ತೆರೆಯಲು ಓಡಾಡುತ್ತಿದ್ದಳು. ಕಾಗವಾಡದ ಆ ವಾಸನೆಯ ಕತೆ ಹೇಳಲು ಫೋನು ಮಾಡಿದರೆ ಅವಳು ಬೇರೆಯೇ ಸುದ್ದಿ ತೆಗೆದಳು. "ಅತ್ತಿ, ನಾ ಅಡ್ಡಹೆಸರು ಬದಲಿ ಮಾಡ್ಬೇಕಂತೀನಿ. ಬೇಡಕಿಹಾಳಕರ ಅಂತ. ಎಲ್ಲಿ ಹೋದ್ರೂ ಈ ಹೆಸರು ಮೂರ್ಮೂರು ಸಲ ಹೇಳ್ಬೇಕು, ಆಮ್ಯಾಲ ಹಂಗಂದ್ರೇನು ಅಂತಾರ. ನನಗ ಗೊತ್ತಿದ್ರ ಹೇಳ್ತಿದ್ದೆ." ನಾನು ಜಗಳಕ್ಕೆ ನಿಂತೆ. ಬೋರ್ಡು ಬರೆಸಲು ಇನ್ನೂ ಹದಿನೈದು ದಿನವಿದೆ, ಅಷ್ಟರಲ್ಲಿ ಹೇಳಿಕೊಳ್ಳುವಂಥ ಒಂದು ಕತೆ ಹುಡುಕಿಕೊಡು, ಇಟ್ಟುಕೊಳ್ಳುತ್ತೇನೆ ಎಂದಳು. ಹುಡುಗಿ ನನ್ನ ಹಾಗೆಯೇ ಹಟಮಾರಿ.

ಮರುದಿನವೇ ಉಗಾರಕ್ಕೆ ಹೋದೆ. ಕಾಕಾನ ಹತ್ತಿರ ಕತೆಗಳಿಗೆ ಬರಗಾಲವಿರಲಿಲ್ಲ. ಯಾವುದೋ ರಾಜನ ದಂಡು ಊರ ಹೊರಗೆ ಬೀಡುಬಿಟ್ಟಿತ್ತಂತೆ, ನಮ್ಮ ಹಿರಿಯರು ಇಡೀ ದಂಡಿಗೆ ಒಂದೇ ರಾತ್ರಿಯಲ್ಲಿ ಮೊಸರು ಮಾಡಿ ಬಡಿಸಿದರಂತೆ, ರಾಜ ಮೆಚ್ಚಿ ಈ ಹೆಸರು ಕೊಟ್ಟನಂತೆ. ಹಿಂದೆ ಇದೇ ಕತೆಯಲ್ಲಿ ರಾಜನ ಬದಲು ಒಬ್ಬ ಸ್ವಾಮಿ ಇದ್ದದ್ದು ನನಗೆ ನೆನಪಿತ್ತು. ಅದನ್ನು ಎತ್ತಿ ತೋರಿಸಿದೆ. ಕಾಕಾ ಕನ್ನಡಕ ಒರೆಸಿಕೊಂಡ. "ಖರೇ ನನಗೂ ಗೊತ್ತಿಲ್ಲವ್ವ. ಅವ್ವ ಕಡೀಕ ಅನಂತಪುರದ ಸುದ್ದಿ ತಗೀತಿದ್ಲು. ಅಲ್ಲಿ ನಮ್ಮ ಕಳ್ಳುಬಳ್ಳಿ, ರಕ್ತಸಂಬಂಧದವರು ಅದಾರ, ಆದ್ರ ಅವರು ಬರಂಗಿಲ್ಲ, ನಾವು ಹೋಗಂಗಿಲ್ಲ ಅಂತಿದ್ಲು. ನೀ ಹೋಗಬ್ಯಾಡ, ಏನ್ ಹೊರಗ ಬರ್ತೈತೋ ಏನೋ." ಹೋಗಬೇಡ ಎಂದ ಮೇಲೆ ಹೋಗದೆ ಇರುವುದು ಹೇಗೆ?

ಅಶ್ವಿನಿಯ ಕಾರಿನಲ್ಲಿ ಅಥಣಿ ದಾಟಿ ಅನಂತಪುರ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಹಿಟ್ಟಿನ ಗಿರಣಿಯ ಮುಂದೆ, ಬಹಳ ಹಿಂದೆ ಬೇಡಕಿಹಾಳದಿಂದ ಬಂದು ನೆಲೆಸಿದ ಮನೆತನ ಯಾವುದು ಎಂದು ವಿಚಾರಿಸಿದೆವು. ಮನೆ ತೋರಿಸಿದರು. ಅಂಗಳದಲ್ಲಿ ಎರಡು ಎಮ್ಮೆ, ಕಟ್ಟೆಯ ಮೇಲೆ ಗಂಗವ್ವ ಎಂಬ ಎಂಬತ್ತರ ಮುದುಕಿ. ನಾವು ಯಾರೆಂದು ಹೇಳಿದೆ. ಗಂಗವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಹೆಪ್ಪಿನವರ ಅಂತ ಈಗೂ ಹೇಳ್ಕೋತೀರೇನು ನೀವು?" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಸೊಸೆ ಕೊಟ್ಟ ಚಹಾ ಕುಡಿಯುತ್ತ ಆಕೆ ಹೇಳಿದ್ದನ್ನು ನಾನು ಇಲ್ಲಿ ಚಿಕ್ಕದು ಮಾಡಿ ಬರೆಯುತ್ತೇನೆ.

ನಮ್ಮ ಆಯಿಯ ಅತ್ತೆಯ ಕಾಲ. ಮನೆಯ ಮಗಳನ್ನು, ಎಲ್ಲರೂ ಅಕ್ಕ ಎನ್ನುತ್ತಿದ್ದವಳನ್ನು, ಅದೇ ಊರಿಗೆ, ಹಿಂದಿನ ಓಣಿಗೆ ಕೊಟ್ಟಿದ್ದರು. ಅವಳ ಎಳೆಗೂಸಿಗೆ ಹೊಟ್ಟೆ ಕೆಟ್ಟು ನಿಲ್ಲದಾಯಿತು. ಬೆಳಿಗ್ಗೆ ತಿಳಿ ಮಜ್ಜಿಗೆ ಹಾಕಿ ನೋಡು ಎಂದಳು ಸೂಲಗಿತ್ತಿ. ಮನೆಯಲ್ಲಿ ಹಾಲಿತ್ತು, ಹೆಪ್ಪಿರಲಿಲ್ಲ. ಅಕ್ಕ ತವರಿಗೆ ಓಡಿ ಬಂದಳು. ದೀಪ ಹಚ್ಚಿ ಆಗಿತ್ತು. ಅವಳ ಅಣ್ಣನ ಹೆಂಡತಿ, ಅಂದರೆ ಆಯಿಯ ಅತ್ತೆ, ಹೊಸ್ತಿಲಲ್ಲೇ ನಿಂತು "ಮುಂಜಾನೆ ಬಾ" ಎಂದಳು. ಅಕ್ಕ ಎರಡನೆಯ ಸಲ ಕೇಳಲಿಲ್ಲ. ಮನೆಗೆ ಹೋಗಿ ಹಾಲಿಗೆ ಮೆಣಸಿನಕಾಯಿಯ ತೊಟ್ಟು ಹಾಕಿ ಮರುದಿನದವರೆಗೆ ಕಾದಳು. ಕೂಸು ಬದುಕಿತು. ಆದರೆ ಅಕ್ಕ ಆ ಊರಿನ ನೀರು ಕುಡಿಯುವುದಿಲ್ಲವೆಂದು ಹಟ ಹಿಡಿದು, ಗಂಡ ಮಗುವಿನ ಜೊತೆ ಅನಂತಪುರಕ್ಕೆ ಬಂದುಬಿಟ್ಟಳು. ಸಾಯುವ ತನಕ ತವರಿನ ಹೆಸರೆತ್ತಲಿಲ್ಲ. ಮಗಳಿಗೆ ಹೆಪ್ಪು ಕೊಡದವರು ಎಂದು ಊರು ಆಡಿಕೊಂಡಿತು. ಆಡಿಕೊಳ್ಳುತ್ತ ಆಡಿಕೊಳ್ಳುತ್ತ ಹೆಪ್ಪಿನವರು ಎಂಬುದೇ ಗುರುತಾಗಿ, ಮಕ್ಕಳನ್ನು ಶಾಲೆಗೆ ಹಾಕುವಾಗ ಅದೇ ಕಾಗದಕ್ಕೂ ಏರಿತು. "ಆ ಕೂಸು ನಮ್ಮ ಮಾವ. ತೊಂಬತ್ತರ ತನಕ ಬದಕಿದಾರ. ದಿನಾ ಮಜ್ಜಿಗಿ ಬೇಕಾಗ್ತಿತ್ತು ಅವರಿಗೆ" ಎಂದು ಗಂಗವ್ವ ನಕ್ಕಳು. ಅದಕ್ಕೂ ಮೊದಲು ನಮ್ಮ ಅಡ್ಡಹೆಸರು ಏನಿತ್ತು ಎಂದು ಕೇಳಿದೆ. ಅದು ಆಕೆಗೂ ಗೊತ್ತಿರಲಿಲ್ಲ.

ನನಗೆ ಅಳು ಬಂತು, ನಾಚಿಕೆಯೂ ಆಯಿತು. ಊರಿಗೆಲ್ಲ ಹಂಚಿದ ಆ ಹೆಪ್ಪು, ತಗ್ಗಿಸಿದ ಆ ತಲೆ, ಮುಚ್ಚಿಟ್ಟ ಆ ಬಟ್ಟಲು, ಎಲ್ಲವೂ ಬಾರದೆ ಹೋದ ಒಬ್ಬ ಮಗಳಿಗಾಗಿ ಎರಡು ತಲೆಮಾರಿನ ಸೊಸೆಯರು ಮಾಡಿದ ಪ್ರಾಯಶ್ಚಿತ್ತ. ಅದನ್ನು ನಾನು ಒಂದು ಸಂಜೆ ನೆಕ್ಕಿ ತಿಂದಿದ್ದೆ. ಹೇಳಿಕೊಳ್ಳುವಂಥ ಕತೆ ಬೇಕೆಂದ ಅಶ್ವಿನಿಗೆ ಸಿಕ್ಕಿದ್ದು ಬೈಗುಳ.

ಅಷ್ಟರಲ್ಲಿ ಒಳಗೆ ಸೊಸೆ ದೀಪ ಹಚ್ಚಿದಳು. ನಾವು ಹೊರಡಲು ಎದ್ದೆವು. ನನಗೆ ಏನನ್ನಿಸಿತೋ, "ಗಂಗವ್ವ, ನನಗೊಂಚೂರು ಹೆಪ್ಪು ಬೇಕಾಗಿತ್ತು" ಎಂದೆ. ಅಕ್ಕನ ನಂತರ ನಮ್ಮ ಮನೆತನದಲ್ಲಿ ಬಾಯಿ ಬಿಟ್ಟು ಹೆಪ್ಪು ಕೇಳಿದವಳು ನಾನೇ ಮೊದಲಿನವಳು. ಗಂಗವ್ವ ತಿರುಗಿ ದೇವರ ಗೂಡಿನ ಕಡೆ ನೋಡಿದಳು. "ದೀಪ ಹಚ್ಯಾರಲ್ಲವ್ವ, ಈಗ ಹೊರಗ ಕೊಡಂಗಿಲ್ಲ" ಎಂದಳು. ಹಾಗಾದರೆ ಇವರು ಮರೆತಿಲ್ಲ, ಮರೆಯಲೂಬಾರದು ಎಂದುಕೊಂಡೆ. ಮುದುಕಿ ಎದ್ದು ನನ್ನ ಕೈ ಹಿಡಿದಳು. "ಮುಂಜಾನಿ ಒಯ್ಯಂತಿ. ಇವತ್ತ ಇಲ್ಲೇ ಉಳಿ" ಎಂದಳು.

ನಾವು ಉಳಿದೆವು. ನನ್ನ ತವರು ಶೆಡ್ಡಾಗಿ ಹನ್ನೆರಡು ವರ್ಷವಾಗಿತ್ತು. ಉಳಿ ಎಂದು ನನಗೆ ಹೇಳುವವರು ಯಾರೂ ಇರಲಿಲ್ಲ. ಅವತ್ತು ಆ ಹೊಸ್ತಿಲಲ್ಲಿ ನಿಂತವಳು ಕೂಸನ್ನು ಎತ್ತಿಕೊಂಡು ಬಾ, ಇಲ್ಲೇ ಹೆಪ್ಪು ಹಾಕೋಣ, ಇಲ್ಲೇ ಉಳಿ ಎಂದಿದ್ದರೆ ಲಕ್ಷ್ಮಿಯೂ ಹೋಗುತ್ತಿರಲಿಲ್ಲ, ಅಕ್ಕನೂ ಹೋಗುತ್ತಿರಲಿಲ್ಲ. ನಮಗೆ ಈ ಹೆಸರೂ ಬರುತ್ತಿರಲಿಲ್ಲ.

ಬೆಳಿಗ್ಗೆ ಗಂಗವ್ವ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಕೊಟ್ಟಳು. ರಾಯಬಾಗದ ದಾರಿಯಲ್ಲಿ ಅಶ್ವಿನಿ ಕಾರು ನಿಲ್ಲಿಸಿದಳು. "ಅತ್ತಿ, ಹೆಸರು ಬದಲಿ ಮಾಡ್ತೀನಿ. ಸಿಟ್ಟಾಗಬ್ಯಾಡ. ನಾಚಿಕಿ ಆಗಿ ಅಲ್ಲ. ಆ ಮನಿಯವರ ಸಲುವಾಗಿ ಊರು ನಮಗ ಬೈದದ್ದು ಅದು. ಅವರೇ ಉಳಿ ಅಂದ ಮ್ಯಾಲ ನಾವ್ಯಾಕ ಇನ್ನೂ ಬೈಸ್ಕೋಬೇಕು?" ಅವಳ ಮಾತು ಸರಿಯಾಗಿತ್ತು. ಸರಿಯಾದದ್ದಕ್ಕೂ ದುಃಖವಾಗುತ್ತದೆ ಎಂದು ಆಗ ತಿಳಿಯಿತು. ನಿಪ್ಪಾಣಿಯ ಬೋರ್ಡಿನ ಮೇಲೆ ಈಗ ಅಶ್ವಿನಿ ಬೇಡಕಿಹಾಳಕರ ಎಂದಿದೆ, ಚೆನ್ನಾಗಿಯೇ ಕಾಣುತ್ತದೆ. ಕಾಕಾನಿಗೆ ನಾನು ಗಂಗವ್ವನ ಕತೆ ಹೇಳಲಿಲ್ಲ. ರಾಜನನ್ನೂ ಅವನ ದಂಡನ್ನೂ ಜೊತೆಗೆ ಕರೆದುಕೊಂಡು ಅವನು ಈ ಬೇಸಿಗೆಯಲ್ಲಿ ತೀರಿಕೊಂಡ. ಮತದಾರರ ಯಾದಿಯಲ್ಲಿ ಹೆಪ್ಪಿನವರ ಎಂದು ಉಳಿದಿದ್ದ ಆ ಒಂದು ಸಾಲೂ ಅಳಿಯುತ್ತದೆ.

ಮೊನ್ನೆ ಮತ್ತೆ ಅನಂತಪುರಕ್ಕೆ ಹೋಗಿದ್ದೆ. ಬಾಗಿಲು ಮುಚ್ಚಿತ್ತೆಂದು ಹೊರಗಿನಿಂದಲೇ ಫೋನು ಮಾಡಿದೆ. ಕಟ್ಟೆಯ ಮೇಲೆ ಬಿಟ್ಟಿದ್ದ ಸೊಸೆಯ ಮೊಬೈಲು ನನ್ನ ಕಣ್ಣೆದುರೇ ಬಡಿದುಕೊಂಡಿತು. ಪರದೆಯ ಮೇಲೆ "ಹೆಪ್ಪಿನವರ ಮಗಳು" ಎಂದು ಮೂಡಿತ್ತು. ಹಿತ್ತಲಿಂದ ಬಂದ ಗಂಗವ್ವನಿಗೆ ಅದನ್ನು ತೋರಿಸಿ, ಇದೇನು ಎಂದೆ. "ನಾನ ಹೇಳಿ ಬರಿಸೇನಿ. ಮತ್ತೇನ ಅಂತ ಬರೀಬೇಕಿತ್ತು ನಿನ್ನ?" ಎಂದಳು. ಹಾಗೇ ಇರಲಿ ಎಂದೆ. ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು, ನಾನು ಕಟ್ ಮಾಡಲಿಲ್ಲ.